ಒಂದಕ್ಷರ ಹಿಂದೆ ಸರಿದರೆ: ಯಮಾತಾರಾಜಭಾನಸಲಗಂನಿಂದ ಕೊರೊನಾವರೆಗೆ

(ಈ ವಾರದ ಪಾಡ್‌ಕಾಸ್ಟ್‌ನ ಅಕ್ಷರರೂಪ)

ನೀವು ಬಸವನಗುಡಿಯಲ್ಲಿ ಓದಿರಿ, ಬಳ್ಳಾರಿಯಲ್ಲಿ ಓದಿರಿ, ಹೈಸ್ಕೂಲಲ್ಲಿ ಕನ್ನಡ ತಗೊಂಡಿದ್ರೆ ಈ ಒಂದು ಪದ ತಲೆಯ ಯಾವುದೋ ಮೂಲೆಯಲ್ಲಿ ಇದ್ದೇ ಇರುತ್ತೆ: ಯಮಾತಾರಾಜಭಾನಸಲಗಂ.

ಛಂದಸ್ಸಿನ ಪಾಠ. ಹತ್ತು ಅಕ್ಷರ. ಪದಕ್ಕೆ ಅಂತ ಅರ್ಥ ಏನೂ ಇಲ್ಲ, ಆದ್ರೆ ಒಳಗೆ ಎಂಟು ಅಕ್ಷರಗಣ ಅಡಗಿ ಕೂತಿವೆ. ಮೊದಲ ಮೂರು ಅಕ್ಷರ ತಗೊಳ್ಳಿ, ಯಮಾತಾ. ಲಘು, ಗುರು, ಗುರು. ಅದು ಯಗಣ. ಒಂದೇ ಒಂದು ಅಕ್ಷರ ಮುಂದೆ ಸರಿದು ಮತ್ತೆ ಮೂರು ತಗೊಳ್ಳಿ, ಮಾತಾರಾ. ಮೂರೂ ಗುರು, ಮಗಣ. ಇನ್ನೊಂದು ಸರಿದರೆ ತಾರಾಜ, ತಗಣ. ಅಕ್ಷರಗಳು ಅವೇ, ಸಾಲೂ ಅದೇ. ಎಲ್ಲಿಂದ ಎಣಿಸೋಕೆ ಶುರು ಮಾಡಿದ್ರಿ ಅನ್ನೋದಷ್ಟೇ ಬದಲಾಯ್ತು, ಸಿಕ್ಕಿದ ಗಣವೇ ಬೇರೆ ಆಯ್ತು.

ಇವತ್ತಿನ ಕಥೆ ಇದೇ ಲೆಕ್ಕದ ಮೇಲೆ ನಿಂತಿದೆ. ನಿಮ್ಮ ಮೈಯ ಜೀವಕೋಶಗಳಲ್ಲಿ ಮೂರು ಮೂರು ಅಕ್ಷರ ಓದೋ ಒಂದು ಯಂತ್ರ ಇದೆ. ಅದರ ಹೆಸರು ರೈಬೋಸೋಮ್. ಅದು ಒಂದಕ್ಷರ ಜಾರಿದ್ರೆ ಏನಾಗುತ್ತೆ? ಬಹಳ ವರ್ಷ ಉತ್ತರ ಒಂದೇ ಇತ್ತು: ಎಲ್ಲಾ ಹಾಳಾಗುತ್ತೆ. ಆಮೇಲೆ ಗೊತ್ತಾಯ್ತು, ಕೆಲವು ಕಡೆ ಅದು ಬೇಕಂತಲೇ ಜಾರುತ್ತೆ, ಜಾರದಿದ್ರೇ ಕೆಲಸ ಕೆಡುತ್ತೆ ಅಂತ. 2021ರಲ್ಲಿ ಈ ಊರು ಆಸ್ಪತ್ರೆ ಬೆಡ್ ಹುಡುಕಿಕೊಂಡು ಅಲೆದಿದ್ದಕ್ಕೂ ಆ ಜಾರೋದಕ್ಕೂ ಸಂಬಂಧ ಇದೆ. ಬನ್ನಿ.

ಕಡಲೆಕಾಯಿಯ ಒಂದು ವಾಕ್ಯ

ನಾನು ಓದಿದ್ದು ಬಿ.ಕಾಂ. ಅದಕ್ಕೇ ಈ ವಿಷಯ ನನಗೆ ತಲೆಗೆ ಹತ್ತಿದ ರೀತಿಯಲ್ಲೇ ಹೇಳ್ತೀನಿ.

ಡಿಎನ್‌ಎ ಅನ್ನೋದು ಮೂಲ ಪುಸ್ತಕ. ಅದರ ಒಂದು ಪುಟದ ಕಾಪಿ ಎಂಆರ್‌ಎನ್‌ಎ. ಅದರಲ್ಲಿ ನಾಲ್ಕೇ ಅಕ್ಷರ: ಎ, ಯು, ಜಿ, ಸಿ. ರೈಬೋಸೋಮ್ ಆ ಕಾಪಿಯನ್ನ ಮೂರು ಮೂರು ಅಕ್ಷರದಂತೆ ಓದ್ತಾ ಹೋಗುತ್ತೆ. ಒಂದೊಂದು ಮೂರಕ್ಷರದ ಗುಂಪಿಗೂ ಕೋಡಾನ್ ಅಂತ ಹೆಸರು. ಒಟ್ಟು 64 ಕೋಡಾನ್. ಅದರಲ್ಲಿ 61 ಕೋಡಾನ್ ಯಾವುದಾದರೂ ಒಂದು ಅಮೈನೋ ಆಮ್ಲವನ್ನ ಸೂಚಿಸುತ್ತವೆ, ಉಳಿದ ಮೂರು 'ನಿಲ್ಲಿಸು' ಅನ್ನೋ ಸೂಚನೆ. ಅಮೈನೋ ಆಮ್ಲಗಳನ್ನ ಮಣಿ ಪೋಣಿಸಿದ ಹಾಗೆ ಪೋಣಿಸಿದ್ರೆ ಪ್ರೋಟೀನ್.

ಗಮನಿಸಿ, ಪದಗಳ ನಡುವೆ ಜಾಗ ಇಲ್ಲ, ಕಾಮಾ ಇಲ್ಲ. ಹಳೇ ತಾಳೆಗರಿಯ ಹಾಗೆ ಉದ್ದಕ್ಕೂ ಒಂದೇ ಸಾಲು. ಪದ ಬಿಡಿಸೋದು ಓದುವವನ ಕೆಲಸ. ಎಲ್ಲಿಂದ ಮೂರು ಮೂರಾಗಿ ಕತ್ತರಿಸ್ತೀವಿ ಅನ್ನೋದಕ್ಕೆ ರೀಡಿಂಗ್ ಫ್ರೇಮ್, ಅಂದ್ರೆ ಓದುವ ಚೌಕಟ್ಟು ಅಂತಾರೆ.

ಬಸವನಗುಡಿ ಕಡಲೆಕಾಯಿ ಪರಿಷೆ ನೆನೆಸಿಕೊಂಡು ಒಂದು ವಾಕ್ಯ ಮಾಡೋಣ. ಪ್ರತಿ ಪದದಲ್ಲೂ ಮೂರೇ ಅಕ್ಷರ.

ಗೆಳತಿ ಮರದ ಕೆಳಗೆ ಕುಳಿತು ಕಡಲೆ ಸುಲಿದು ಕೊಟ್ಟಳು.

ಈಗ 'ಮರದ' ಅನ್ನೋದರಿಂದ 'ರ' ಮಾತ್ರ ತೆಗೀರಿ. ಆದ್ರೆ ರೂಲ್ ಬದಲಾಗಲ್ಲ, ಮೂರು ಮೂರಾಗೇ ಓದಬೇಕು.

ಗೆಳತಿ ಮದಕೆ ಳಗೆಕು ಳಿತುಕ ಡಲೆಸು ಲಿದುಕೊ ಟ್ಟಳು.

ಹೋದದ್ದು ಒಂದೇ ಅಕ್ಷರ, ಕೆಟ್ಟದ್ದು ಅಲ್ಲಿಂದ ಮುಂದಿನ ಇಡೀ ಸಾಲು. ಎಕ್ಸೆಲ್‌ನಲ್ಲಿ ಒಂದು ಸೆಲ್ ಡಿಲೀಟ್ ಮಾಡಿ 'ಶಿಫ್ಟ್ ಅಪ್' ಒತ್ತಿ ನೋಡಿ. ಕೆಳಗಿನ ಅಂಕಿಗಳು ಒಂದೂ ಅಳಿಸಿರಲ್ಲ, ಆದ್ರೆ ರಮೇಶನ ಸಂಬಳ ಸುರೇಶನ ಹೆಸರಿಗೆ ಹೋಗಿರುತ್ತೆ. ಇದೇ ಫ್ರೇಮ್‌ಶಿಫ್ಟ್.

ಮೂರು ಏಟು ಕೊಟ್ಟರೆ ಸರಿಹೋಗುತ್ತೆ!

1954. ಡಿಎನ್‌ಎ ರಚನೆ ಗೊತ್ತಾಗಿ ಒಂದು ವರ್ಷ. ನಾಲ್ಕಕ್ಷರದ ಭಾಷೆ ಇಪ್ಪತ್ತು ಅಮೈನೋ ಆಮ್ಲಗಳ ಭಾಷೆಗೆ ಹೇಗೆ ಅನುವಾದ ಆಗುತ್ತೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಜಾರ್ಜ್ ಗ್ಯಾಮೋ ಅನ್ನೋ ಭೌತವಿಜ್ಞಾನಿ ಒಂದು ಊಹೆ ಮುಂದಿಟ್ಟರು: ಮೂರು ಮೂರು ಅಕ್ಷರ, ಆದ್ರೆ ಒಂದರ ಮೇಲೊಂದು ಹೊದ್ದುಕೊಂಡಿರುವಂತೆ. ಮೊದಲು 1-2-3, ಆಮೇಲೆ 2-3-4, ಆಮೇಲೆ 3-4-5. ಥೇಟ್ ನಮ್ಮ ಯಮಾತಾರಾಜಭಾನಸಲಗಂ!

ನೋಡೋಕೆ ಚೆಂದ. ಆದ್ರೆ ಒಂದು ತೊಡಕಿದೆ. ಯಮಾತಾ ಆದಮೇಲೆ ಬರೋ ಗಣ 'ಮಾತಾ'ದಿಂದಲೇ ಶುರುವಾಗಬೇಕು, ಅಂದ್ರೆ ಎರಡು ಗುರುವಿಂದ. ಹಾಗಾಗಿ ಯಗಣದ ಪಕ್ಕ ಮಗಣ ಅಥವಾ ತಗಣ ಮಾತ್ರ ಕೂರಬಹುದು, ಬೇರೆ ಆರು ಗಣಗಳಿಗೆ ಅಲ್ಲಿ ಜಾಗವೇ ಇಲ್ಲ. ಪ್ರೋಟೀನ್‌ನಲ್ಲೂ ಹೀಗೇ ಇದ್ದಿದ್ರೆ, ಒಂದು ಅಮೈನೋ ಆಮ್ಲದ ಪಕ್ಕ ಕೆಲವೇ ಕೆಲವು ಬರೋಕೆ ಸಾಧ್ಯವಿತ್ತು. 1957ರಲ್ಲಿ ಸಿಡ್ನಿ ಬ್ರೆನ್ನರ್ ಅಲ್ಲಿವರೆಗೆ ಗೊತ್ತಿದ್ದ ಪ್ರೋಟೀನ್ ಸಾಲುಗಳನ್ನೆಲ್ಲ ಮುಂದಿಟ್ಟುಕೊಂಡು ಅಕ್ಕಪಕ್ಕದವರ ಲೆಕ್ಕ ಹಾಕಿದರು. ಅಂಥ ಕಟ್ಟುಪಾಡು ಇರಲಿಲ್ಲ. ಹೊದ್ದುಕೊಂಡ ಕೋಡ್ ಸಾಧ್ಯವೇ ಇಲ್ಲ ಅಂತ ತೋರಿಸಿಬಿಟ್ಟರು.

ಹಾಗಾದ್ರೆ ಒಂದರ ಪಕ್ಕ ಒಂದು. ಆದ್ರೆ ಮೂರು ಅಕ್ಷರವೇ ಅಂತ ಹೇಗೆ ಹೇಳೋದು? ಡಿಎನ್‌ಎ ಅಕ್ಷರಗಳನ್ನ ಓದೋ ತಂತ್ರ ಆಗ ಇರಲಿಲ್ಲ. 1961ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಫ್ರಾನ್ಸಿಸ್ ಕ್ರಿಕ್, ಲೆಸ್ಲಿ ಬಾರ್ನೆಟ್, ಬ್ರೆನ್ನರ್ ಮತ್ತು ರಿಚರ್ಡ್ ವಾಟ್ಸ್-ಟೋಬಿನ್ ಮಾಡಿದ್ದು ಕೇಳಿದ್ರೆ ಖುಷಿಯಾಗುತ್ತೆ. ಬ್ಯಾಕ್ಟೀರಿಯಾ ತಿನ್ನೋ ಟಿ4 ಅನ್ನೋ ವೈರಸ್ ತಗೊಂಡರು. ಪ್ರೊಫ್ಲೇವಿನ್ ಅನ್ನೋ ರಾಸಾಯನಿಕ ಹಾಕಿದರು. ಅದು ಡಿಎನ್‌ಎಯಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಸೇರಿಸುತ್ತೆ ಅಥವಾ ಕಳೆಯುತ್ತೆ. ಆಮೇಲೆ ತಟ್ಟೆಯ ಮೇಲೆ ಹಾಸಿದ ಬ್ಯಾಕ್ಟೀರಿಯಾದಲ್ಲಿ ವೈರಸ್ ತೂತು ಮಾಡುತ್ತಾ ಇಲ್ಲವಾ ಅಂತ ನೋಡಿದರು. ತೂತು ಬಿದ್ದರೆ ಜೀನ್ ಕೆಲಸ ಮಾಡ್ತಿದೆ, ಇಲ್ಲಾಂದ್ರೆ ಕೆಟ್ಟಿದೆ. ಸಾಕ್ಷಿ ಅಷ್ಟೇ.

ಒಂದು ಅಕ್ಷರ ಕಳೆದರೆ ಜೀನ್ ಕೆಟ್ಟಿತು. ಎರಡು ಕಳೆದರೂ ಕೆಟ್ಟಿತು. ಮೂರು ಕಳೆದರೆ? ವೈರಸ್ ಮತ್ತೆ ಎದ್ದು ಕೂತಿತು!

ನಮ್ಮ ವಾಕ್ಯದಲ್ಲೇ ನೋಡಿ. 'ಮರದ'ದಿಂದ ರ, 'ಕೆಳಗೆ'ಯಿಂದ ಳ, 'ಕುಳಿತು'ವಿಂದ ಳಿ, ಹೀಗೆ ಮೂರು ತೆಗೀರಿ.

ಗೆಳತಿ ಮದಕೆ ಗೆಕುತು ಕಡಲೆ ಸುಲಿದು ಕೊಟ್ಟಳು.

ಮಧ್ಯೆ ಸ್ವಲ್ಪ ತೊದಲು. ಆದ್ರೆ ಕಡಲೆ ಸುಲಿದು ಕೈಗೆ ಬಂತು, ಅಲ್ವಾ? ಮೂರು ಕಳೆದಾಗ ಚೌಕಟ್ಟು ವಾಪಸ್ ಜಾಗಕ್ಕೆ ಬಂದು ಕೂರುತ್ತೆ. ಹಾಗಾದ್ರೆ ಓದು ಮೂರು ಮೂರಾಗಿಯೇ ನಡೀತಿರಬೇಕು. ಒಂದು ಅಕ್ಷರವನ್ನೂ ಕಣ್ಣಲ್ಲಿ ನೋಡದೆ ಬರೀ ಕೂಡು-ಕಳೆ ಮಾಡಿ ಜೀವದ ವ್ಯಾಕರಣ ಹಿಡಿದರು. ಜಾರೋದು ಅನ್ನೋ ತಪ್ಪನ್ನೇ ಅವರು ಅಳತೆಗೋಲು ಮಾಡಿಕೊಂಡರು.

ಖೊರಾನಾ ಲ್ಯಾಬಿಂದ ಟಾಟಾ ಇನ್‌ಸ್ಟಿಟ್ಯೂಟ್‌ವರೆಗೆ

ಇದನ್ನ ಕಣ್ಣಿಗೆ ಕಟ್ಟಿದ ಹಾಗೆ ತೋರಿಸಿದವರು ಹರ್‌ಗೋಬಿಂದ್ ಖೊರಾನಾ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅವರ ತಂಡ ಎ-ಎ-ಜಿ, ಎ-ಎ-ಜಿ ಅಂತ ಅದೇ ಮೂರಕ್ಷರ ಮರುಕಳಿಸೋ ಆರ್‌ಎನ್‌ಎ ತಯಾರಿಸಿತು. ಪರೀಕ್ಷಾ ನಳಿಗೆಯಲ್ಲಿ ರೈಬೋಸೋಮ್ ಅದನ್ನ ಎಲ್ಲಿಂದ ಬೇಕಾದರೂ ಓದೋಕೆ ಶುರು ಮಾಡಬಹುದಿತ್ತು. ಎ-ಎ-ಜಿ ಅಂತ ಓದಿದ್ರೆ ಪೂರ್ತಿ ಲೈಸೀನ್ ಸರ. ಎ-ಜಿ-ಎ ಅಂತ ಓದಿದ್ರೆ ಪೂರ್ತಿ ಆರ್ಜಿನೀನ್. ಜಿ-ಎ-ಎ ಅಂತ ಓದಿದ್ರೆ ಪೂರ್ತಿ ಗ್ಲುಟಮಿಕ್ ಆಮ್ಲ. ಒಂದೇ ಸಾಲು, ಮೂರು ಚೌಕಟ್ಟು, ಮೂರು ಬೇರೆ ಬೇರೆ ಸರ. 1968ರಲ್ಲಿ ಖೊರಾನಾಗೆ ಮಾರ್ಷಲ್ ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಜೊತೆ ನೊಬೆಲ್ ಬಂತು.

ಈಗ ಬೆಂಗಳೂರಿಗೆ ಬರೋಣ. ಖೊರಾನಾ ಲ್ಯಾಬಲ್ಲಿ ಕೆಲಸ ಮಾಡಿದ್ದ ಉತ್ತಮ್ ರಾಜಭಂಡಾರಿ ಮುಂದೆ ಎಂಐಟಿಯಲ್ಲಿ ಪ್ರೊಫೆಸರ್ ಆದರು. ಅವರ ಲ್ಯಾಬಲ್ಲಿ ಕೆಲಸ ಮಾಡಿದ ಉಮೇಶ್ ವಾರ್ಷ್ಣೇಯ ಆಮೇಲೆ ನಮ್ಮ ಐಐಎಸ್‌ಸಿಗೆ ಬಂದರು. ಮಲ್ಲೇಶ್ವರದ ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರಲ್ಲ, ಅದೇ. 18ನೇ ಕ್ರಾಸ್ ದಾಟಿ ಮುಂದೆ ಹೋದರೆ ಸಿಗೋ ಮರಗಳ ಕ್ಯಾಂಪಸ್. ಸಂಗೀತದ ಮನೆತನದ ಹಾಗೆ ಇದೂ ಒಂದು ಪರಂಪರೆ, ಗುರುವಿಂದ ಶಿಷ್ಯನಿಗೆ.

ಅವರ ಪ್ರಶ್ನೆ ಚೌಕಟ್ಟಿನ ಬುಡಕ್ಕೇ ಕೈ ಹಾಕೋದು: ಎಣಿಕೆ ಶುರುವಾಗೋದು ಹೇಗೆ? ರೈಬೋಸೋಮ್ ಸಾಮಾನ್ಯವಾಗಿ ಎ-ಯು-ಜಿ ಅನ್ನೋ ಕೋಡಾನ್‌ನಿಂದ ಶುರು ಮಾಡುತ್ತೆ. ಅದನ್ನ ಗುರುತಿಸಿ ಮೊದಲ ಅಮೈನೋ ಆಮ್ಲ ಹೊತ್ತು ತರೋಕೆ ಒಂದು ವಿಶೇಷ ಟಿಆರ್‌ಎನ್‌ಎ ಇದೆ. ಅದು ಎಲ್ಲಿ ಕೂತಿತೋ ಅಲ್ಲಿಂದ ಒಂದು-ಎರಡು-ಮೂರು. 1990ರಲ್ಲಿ ವಾರ್ಷ್ಣೇಯ ಮತ್ತು ರಾಜಭಂಡಾರಿ ಆ ಟಿಆರ್‌ಎನ್‌ಎಯ ಗುರುತು ಹಿಡಿಯೋ ಭಾಗ ಬದಲಾಯಿಸಿ, ರೈಬೋಸೋಮ್ 'ನಿಲ್ಲಿಸು' ಅನ್ನೋ ಯು-ಎ-ಜಿ ಕೋಡಾನ್‌ನಿಂದಲೇ ಓದು ಶುರು ಮಾಡುವಂತೆ ಮಾಡಿ ತೋರಿಸಿದರು. ಕೆಂಪು ದೀಪ ನೋಡಿ ಗಾಡಿ ಸ್ಟಾರ್ಟ್ ಮಾಡಿದ ಹಾಗೆ! ಐಐಎಸ್‌ಸಿಗೆ ಬಂದಮೇಲೂ ಈ ಮೊದಲ ಟಿಆರ್‌ಎನ್‌ಎ ಹಿಂದೆಯೇ ಬಿದ್ದರು. ಅದರ ಕಾಂಡದಲ್ಲಿ ಸಾಲಾಗಿ ಮೂರು ಜಿ-ಸಿ ಜೋಡಿಗಳು ಯಾಕಿವೆ, ಬ್ಯಾಕ್ಟೀರಿಯಾದಲ್ಲಿ ಅದರ ಸಂಖ್ಯೆ ಕಡಿಮೆ ಮಾಡಿದ್ರೆ ಬೇರೆ ಟಿಆರ್‌ಎನ್‌ಎಗಳು ಆ ಮೊದಲ ಸೀಟಿಗೆ ಹೇಗೆ ನುಗ್ಗುತ್ತವೆ ಅನ್ನೋದೆಲ್ಲ ಅಲ್ಲಿ ನಡೆದ ಕೆಲಸ.

ಒಮ್ಮೆ ಶುರುವಾದ ಮೇಲೆ ರೈಬೋಸೋಮ್ ಬಹಳ ಶಿಸ್ತಿನದು. ಬ್ಯಾಕ್ಟೀರಿಯಾದಲ್ಲಿ ಸೆಕೆಂಡಿಗೆ ಹದಿನೈದು-ಇಪ್ಪತ್ತು ಕೋಡಾನ್ ಓದುತ್ತೆ, ಆದ್ರೂ ತಾನಾಗೇ ಚೌಕಟ್ಟು ತಪ್ಪೋದು ಹತ್ತಾರು ಸಾವಿರ ಕೋಡಾನ್‌ಗೆ ಒಮ್ಮೆ ಇರಬಹುದು.

ಈ ಶಿಸ್ತಿಗೆ ಇನ್ನೊಂದು ಮುಖ ಇದೆ. ಅದು ನಮ್ಮ ಮನೆಗಳಿಗೇ ಸಂಬಂಧಪಟ್ಟದ್ದು. ಬೀಟಾ ಥಲಸ್ಸೀಮಿಯಾ ಕೇಳಿರಬಹುದು. ರಕ್ತದ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಕಾಯಿಲೆ. ತೀವ್ರವಾಗಿದ್ರೆ ಮಗುವಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಭಾರತದಲ್ಲಿ ಹೆಚ್ಚಾಗಿ ಕಾಣೋ ಐದು ಜೀನ್ ಬದಲಾವಣೆಗಳಲ್ಲಿ ಎರಡು ಇದೇ ಲೆಕ್ಕದವು. ಒಂದರಲ್ಲಿ 8 ಮತ್ತು 9ನೇ ಕೋಡಾನ್ ನಡುವೆ ಒಂದು ಜಿ ಜಾಸ್ತಿ. ಇನ್ನೊಂದರಲ್ಲಿ 41-42ನೇ ಕೋಡಾನ್ ಹತ್ತಿರ ನಾಲ್ಕು ಅಕ್ಷರ ಕಮ್ಮಿ. ಒಂದಾಗಲಿ ನಾಲ್ಕಾಗಲಿ, ಮೂರರ ಗುಣಕ ಅಲ್ಲ. ಇಲ್ಲಿ ರೈಬೋಸೋಮ್ ತಪ್ಪು ಮಾಡ್ತಿಲ್ಲ. ಕೈಗೆ ಕೊಟ್ಟ ಸಾಲನ್ನ ನಿಯತ್ತಾಗಿ ಮೂರು ಮೂರಾಗಿ ಓದುತ್ತೆ. ಆ ನಿಯತ್ತಿನಿಂದಲೇ ಪ್ರೋಟೀನ್ ಕೆಡುತ್ತೆ.

ಅಪ್ಪ ಅಮ್ಮ ಇಬ್ಬರೂ ಇಂಥ ಒಂದೊಂದು ಜೀನ್ ಹೊತ್ತಿದ್ರೂ ಸಾಮಾನ್ಯವಾಗಿ ಅವರಿಗೆ ಏನೂ ಗೊತ್ತಾಗಲ್ಲ. ಆದ್ರೆ ಪ್ರತಿ ಬಸುರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತದಲ್ಲಿ ಹಿಮೋಗ್ಲೋಬಿನ್ ಎ2 ಎಷ್ಟಿದೆ ಅಂತ ನೋಡೋ ಒಂದು ಟೆಸ್ಟ್ ಮಾಡಿಸಿದ್ರೆ ಬಹುಪಾಲು ತಿಳಿಯುತ್ತೆ. ಮದುವೆಗೆ ಮುಂಚೆ ಜಾತಕದ ಜೊತೆ ಇದನ್ನೂ ಒಮ್ಮೆ ನೋಡಿಬಿಡಿ ಅಂತ ನಿಮ್ಮ ವಯಸ್ಸಿನವರಿಗೆ ಹೇಳೋದು ನನ್ನ ಕರ್ತವ್ಯ.

ಬೇಕಂತಲೇ ಜಾರೋ ಜಾಗಗಳು

ವಾಪಸ್ ಇತಿಹಾಸಕ್ಕೆ. ಕೋಳಿಗಳಲ್ಲಿ ಗಡ್ಡೆ ತರೋ ರೌಸ್ ಸಾರ್ಕೋಮಾ ಅನ್ನೋ ವೈರಸ್ ಇದೆ. ಅದರಲ್ಲಿ ಗ್ಯಾಗ್ ಮತ್ತು ಪೋಲ್ ಅನ್ನೋ ಎರಡು ಜೀನ್ ಒಂದರ ಹಿಂದೆ ಒಂದಿವೆ. ಆದ್ರೆ ಎರಡನೆಯದು ಒಂದಕ್ಷರ ಹಿಂದಿನ ಚೌಕಟ್ಟಿನಲ್ಲಿದೆ. ಮೊದಲನೆಯದರ ಕೊನೆಗೆ 'ನಿಲ್ಲಿಸು' ಇದೆ. ಆದ್ರೂ ಎರಡೂ ಅಂಟಿಕೊಂಡಿರೋ ಒಂದು ಉದ್ದ ಪ್ರೋಟೀನ್ ತಯಾರಾಗ್ತಿತ್ತು. ಹೇಗೆ? ಆರ್‌ಎನ್‌ಎಯನ್ನೇ ಎಲ್ಲೋ ಕತ್ತರಿಸಿ ಜೋಡಿಸ್ತಿರಬೇಕು ಅನ್ನೋದು ಆಗಿನ ಒಂದು ಊಹೆ.

1985ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಟೈಲರ್ ಜ್ಯಾಕ್ಸ್ ಅನ್ನೋ ವಿದ್ಯಾರ್ಥಿ ಮತ್ತು ಅವರ ಗುರು ಹೆರಾಲ್ಡ್ ವಾರ್ಮಸ್ ಉತ್ತರ ಕೊಟ್ಟರು. ಆರ್‌ಎನ್‌ಎಯನ್ನ ಯಾರೂ ಮುಟ್ಟಿಲ್ಲ. ನೂರಕ್ಕೆ ಸುಮಾರು ಐದು ಸಲ ರೈಬೋಸೋಮೇ ಒಂದಕ್ಷರ ಹಿಂದಕ್ಕೆ ಜಾರಿ, ಹೊಸ ಚೌಕಟ್ಟಿನಲ್ಲಿ ಓದು ಮುಂದುವರಿಸುತ್ತೆ. ಆಗ ಆ 'ನಿಲ್ಲಿಸು' ಅದಕ್ಕೆ ಕಾಣಿಸೋದೇ ಇಲ್ಲ. 1988ರಲ್ಲಿ ಎಚ್‌ಐವಿಯಲ್ಲೂ ಇದೇ ಆಟ ಸಿಕ್ಕಿತು. ಅಲ್ಲಿ ಗ್ಯಾಗ್ ಸುಮಾರು ಇಪ್ಪತ್ತು ತಯಾರಾದರೆ ಜೋಡಿ ಪ್ರೋಟೀನ್ ಒಂದು. ಈ ಪ್ರಮಾಣ ಏರುಪೇರಾದರೆ ವೈರಸ್ ಸರಿಯಾಗಿ ಕಟ್ಟಿಕೊಳ್ಳಲ್ಲ. ಅಂದ್ರೆ ಜಾರೋದು ಇಲ್ಲಿ ಒಂದು ಅಳತೆ ಚಮಚ.

ಹೇಗೆ ಜಾರುತ್ತೆ? ಎರಡು ವಸ್ತು ಬೇಕು. ಒಂದು, ಜಾರುಬಂಡೆಯಂಥ ಏಳು ಅಕ್ಷರ. ಕೊರೊನಾವೈರಸ್‌ನಲ್ಲಿ ಅದು ಮೂರು ಯು, ಮೂರು ಎ, ಆಮೇಲೊಂದು ಸಿ. ಅಕ್ಕಪಕ್ಕ ಒಂದೇ ಅಕ್ಷರ ಇರೋದ್ರಿಂದ ಟಿಆರ್‌ಎನ್‌ಎಗಳು ಒಂದಕ್ಷರ ಹಿಂದೆ ಸರಿದರೂ ಹಿಡಿತ ಬಹುಪಾಲು ಹಾಗೇ ಉಳಿಯುತ್ತೆ. ಎರಡು, ಸ್ವಲ್ಪ ಮುಂದೆ ಆರ್‌ಎನ್‌ಎ ತನ್ನ ಮೇಲೇ ಸುತ್ತಿಕೊಂಡು ಹಾಕಿದ ಗಂಟು. ಸ್ಯೂಡೋನಾಟ್ ಅಂತಾರೆ. ಬುಲ್ ಟೆಂಪಲ್ ರೋಡಿನ ಏರಲ್ಲಿ ಮಳೆ ಬಂದಾಗ ಸ್ಕೂಟರ್ ಓಡಿಸಿ ನೋಡಿ. ಎದುರಿಗೆ ಹಂಪ್ ಅಡ್ಡ ಬಂತು, ಗಾಡಿ ತಡೆದು ನಿಂತಿತು, ಚಕ್ರದ ಕೆಳಗೆ ಒದ್ದೆ. ಒಂದು ಗೇಣು ಹಿಂದಕ್ಕೆ. ಬರೀ ಒದ್ದೆ ಇದ್ರೆ ದಾಟಿಕೊಂಡು ಹೋಗ್ತೀರಿ, ಬರೀ ಹಂಪ್ ಇದ್ರೆ ನಿಂತು ಹೋಗ್ತೀರಿ. ಎರಡೂ ಸೇರಿದಾಗಲೇ ಜಾರೋದು. ಈ ಗಂಟನ್ನ 1980ರ ದಶಕದ ಕೊನೆಗೆ ಗುರುತಿಸಿದ್ದು ಇಯಾನ್ ಬ್ರಿಯರ್ಲಿ, ಸ್ಟೀಫನ್ ಇಂಗ್ಲಿಸ್ ಮತ್ತು ಜೊತೆಗಾರರು, ಕೋಳಿಗಳ ಒಂದು ಕೊರೊನಾವೈರಸ್‌ನಲ್ಲಿ. ಆಗ ಕೊರೊನಾ ಅನ್ನೋ ಹೆಸರು ಪಶುವೈದ್ಯರು ಮತ್ತು ವೈರಸ್ ತಜ್ಞರನ್ನ ಬಿಟ್ಟರೆ ಯಾರಿಗೂ ಬೇಕಿರಲಿಲ್ಲ.

ಇದು ಬರೀ ವೈರಸ್‌ಗಳ ಕುತಂತ್ರವೂ ಅಲ್ಲ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಆರ್‌ಎಫ್2 ಅನ್ನೋ ಪ್ರೋಟೀನ್ ಇದೆ. ಯು-ಜಿ-ಎ ಅನ್ನೋ 'ನಿಲ್ಲಿಸು' ಕಂಡಾಗ ಓದು ನಿಲ್ಲಿಸೋದು ಅದರ ಕೆಲಸ. 1985ರಲ್ಲೇ ಗೊತ್ತಾಯ್ತು, ಅದರ ಸ್ವಂತ ಜೀನ್‌ನ 26ನೇ ಜಾಗದಲ್ಲೇ ಒಂದು ಯು-ಜಿ-ಎ ಇದೆ ಅಂತ! ಕೋಶದಲ್ಲಿ ಆರ್‌ಎಫ್2 ಬೇಕಾದಷ್ಟಿದ್ರೆ ಅದು ಬಂದು ಅಲ್ಲೇ ಓದು ನಿಲ್ಲಿಸುತ್ತೆ, ಹೊಸದು ತಯಾರಾಗಲ್ಲ. ಕಡಿಮೆ ಇದ್ರೆ ರೈಬೋಸೋಮ್ ಅಲ್ಲಿ ಕಾದು ಕಾದು ಒಂದಕ್ಷರ ಮುಂದಕ್ಕೆ ಜಾರುತ್ತೆ, ಪೂರ್ತಿ ಆರ್‌ಎಫ್2 ತಯಾರಾಗುತ್ತೆ. ಕಾಮರ್ಸ್‌ನವರಿಗೆ ಇದು ಗೊತ್ತು, ರೀಆರ್ಡರ್ ಲೆವೆಲ್. ಚಿಕ್ಕಪೇಟೆ ಅಂಗಡಿಯಲ್ಲಿ ಸ್ಟಾಕ್ ಇಳಿದಾಗ ಮಾತ್ರ ಹೊಸ ಆರ್ಡರ್ ಹೋಗೋದು. ನಮ್ಮ ಮೈಯಲ್ಲೂ ಆಂಟಿಜೈಮ್ ಅನ್ನೋ ಪ್ರೋಟೀನ್ ಇಂಥದ್ದೇ ಜಾರುವಿಕೆಯಿಂದ ತಯಾರಾಗುತ್ತೆ.

2021ರ ಬೇಸಿಗೆ

ಈಗ ನಮ್ಮೂರಿನ ಆ ಏಪ್ರಿಲ್-ಮೇ ತಿಂಗಳಿಗೆ ಬನ್ನಿ. ಪ್ರತಿ ಫ್ಯಾಮಿಲಿ ಗ್ರೂಪಲ್ಲೂ ಒಂದೇ ಮೆಸೇಜ್: "ರೆಮ್‌ಡೆಸಿವಿರ್ ಎಲ್ಲಾದ್ರೂ ಸಿಗುತ್ತಾ?" ಆ ಔಷಧಿಯ ಗುರಿ ಏನು? ವೈರಸ್ ತನ್ನ ಆರ್‌ಎನ್‌ಎಯನ್ನ ಕಾಪಿ ಮಾಡಿಕೊಳ್ಳೋ ಯಂತ್ರ, ಪಾಲಿಮರೇಸ್. ಆ ಯಂತ್ರ ಬರೆದಿರೋದು ಎಲ್ಲಿ? ಸುಮಾರು 30,000 ಅಕ್ಷರದ ಜೀನೋಮ್‌ನಲ್ಲಿ, 13,000 ಚಿಲ್ಲರೆ ಅಕ್ಷರ ದಾಟಿದ ಮೇಲೆ ಬರೋ ಆ ಜಾರುಬಂಡೆಯ ಆಚೆ. ನಮ್ಮ ಕೋಶದ ರೈಬೋಸೋಮ್ ಅಲ್ಲಿ ಒಂದಕ್ಷರ ಹಿಂದೆ ಜಾರದಿದ್ರೆ ಪಾಲಿಮರೇಸ್ ತಯಾರಾಗಲ್ಲ, ವೈರಸ್ ಒಂದರಿಂದ ಎರಡೂ ಆಗಲ್ಲ. ಎಷ್ಟು ಸಲ ಜಾರುತ್ತೆ ಅನ್ನೋ ಅಂಕಿ ಪ್ರಯೋಗದಿಂದ ಪ್ರಯೋಗಕ್ಕೆ ಬದಲಾಗುತ್ತೆ, ಆದ್ರೆ ಎಚ್‌ಐವಿಗಿಂತ ಬಹಳ ಹೆಚ್ಚು. ರೆಮ್‌ಡೆಸಿವಿರ್ ಜನರನ್ನ ಎಷ್ಟು ಉಳಿಸಿತು ಅನ್ನೋದು ಬೇರೆ ಚರ್ಚೆ.

ಅದೇ 2021ರಲ್ಲಿ ಜೂರಿಕ್‌ನ ನೆನಾದ್ ಬಾನ್ ತಂಡ ಮತ್ತು ಜೊತೆಗಾರರು ಆ ಗಂಟಿಗೆ ಸಿಕ್ಕಿಕೊಂಡು ನಿಂತ ರೈಬೋಸೋಮ್‌ನ ಚಿತ್ರವನ್ನೇ ತೆಗೆದರು. ಮೆರಾಫ್ಲಾಕ್ಸಸಿನ್ ಅನ್ನೋ ವಸ್ತು ಲ್ಯಾಬಿನ ಕೋಶಗಳಲ್ಲಿ ಈ ಜಾರುವಿಕೆಯನ್ನ ಕಡಿಮೆ ಮಾಡಿ ವೈರಸ್ ಬೆಳೆಯೋದನ್ನ ತಗ್ಗಿಸಿತು. ಅದು ಮೆಡಿಕಲ್ ಶಾಪಲ್ಲಿ ಸಿಗೋ ಕೊರೊನಾ ಔಷಧಿ ಆಗಿಲ್ಲ. ಆದ್ರೆ ಜಾಗ ಗೊತ್ತಾಗಿದೆ.

ಇನ್ನೊಂದು ಸಂಗತಿ. 2023ರ ಡಿಸೆಂಬರ್‌ನಲ್ಲಿ ಕೇಂಬ್ರಿಡ್ಜ್‌ನ ಒಂದು ತಂಡ, ಎಂಆರ್‌ಎನ್‌ಎ ಲಸಿಕೆಗಳಲ್ಲಿ ಯು ಬದಲು ಬಳಸೋ ಮಾರ್ಪಡಿಸಿದ ಅಕ್ಷರದ ಮೇಲೆ ರೈಬೋಸೋಮ್ ಕೆಲವೊಮ್ಮೆ ಒಂದಕ್ಷರ ಮುಂದೆ ಜಾರುತ್ತೆ ಅಂತ ವರದಿ ಮಾಡಿತು. ಅದನ್ನ ಹಿಡಿದುಕೊಂಡು ಹೆದರಿಸೋ ಫಾರ್ವರ್ಡ್‌ಗಳು ಹುಟ್ಟಿದವು. ಅದೇ ಲೇಖನದಲ್ಲಿದ್ದ ಉಳಿದರ್ಧ ಇದು: ಇದರಿಂದ ಜನರಿಗೆ ತೊಂದರೆಯಾದದ್ದು ಕಂಡುಬಂದಿಲ್ಲ, ಜಾರುವ ಜಾಗದ ಅಕ್ಷರಗಳನ್ನ ಪ್ರೋಟೀನ್ ಬದಲಾಗದಂತೆ ತಿದ್ದಿದ್ರೆ ಜಾರುವಿಕೆ ಕಡಿಮೆಯಾಗುತ್ತೆ. ಮತ್ತೆ, ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ ಎಂಆರ್‌ಎನ್‌ಎ ಲಸಿಕೆಗಳೇ ಅಲ್ಲ.

ಕೆಂಪು ದೀಪ ದಾಟೋದು

ಬೆಂಗಳೂರಲ್ಲಿ ಈ ಕಥೆ ಮುಂದುವರಿದಿದೆ. ಐಐಎಸ್‌ಸಿಯ ಬಯೋಕೆಮಿಸ್ಟ್ರಿ ವಿಭಾಗದ ಸಂದೀಪ್ ಈಶ್ವರಪ್ಪ ಇದರ ದಾಯಾದಿ ಒಂದನ್ನ ಹಿಂಬಾಲಿಸ್ತಿದ್ದಾರೆ. ಇಲ್ಲಿ ರೈಬೋಸೋಮ್ ಜಾರಲ್ಲ, 'ನಿಲ್ಲಿಸು' ಕೋಡಾನನ್ನ ದಾಟಿಕೊಂಡೇ ಹೋಗುತ್ತೆ. ಅದಕ್ಕೆ ರೀಡ್‌ಥ್ರೂ ಅಂತಾರೆ. 2014ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿದ್ದಾಗ ಅವರು ಮತ್ತು ಪಾಲ್ ಫಾಕ್ಸ್ ತಂಡ ತೋರಿಸಿದ್ದು ಹೀಗೆ: ರಕ್ತನಾಳ ಬೆಳೆಸೋ ವಿಇಜಿಎಫ್-ಎ ಅನ್ನೋ ಪ್ರೋಟೀನ್‌ಗೆ ಇಂಥ ದಾಟುವಿಕೆಯಿಂದ ಕೊನೆಯಲ್ಲಿ 22 ಅಮೈನೋ ಆಮ್ಲ ಜಾಸ್ತಿ ಸೇರಿದ್ರೆ ಅದು ಉಲ್ಟಾ ಕೆಲಸ ಮಾಡುತ್ತೆ, ರಕ್ತನಾಳದ ಬೆಳವಣಿಗೆಯನ್ನ ತಡೆಯುತ್ತೆ. 2019ರಲ್ಲಿ ಐಐಎಸ್‌ಸಿಯ ಅವರ ತಂಡ ಎಜಿಒ1 ಅನ್ನೋ ಇನ್ನೊಂದು ಪ್ರೋಟೀನ್‌ನಲ್ಲೂ ಇದನ್ನ ತೋರಿಸಿತು. ಕೆಲವು ಥಲಸ್ಸೀಮಿಯಾಗಳಲ್ಲಿ ಜೀನ್‌ನ ಮಧ್ಯೆ ಅಕಾಲದಲ್ಲಿ ಒಂದು 'ನಿಲ್ಲಿಸು' ಹುಟ್ಟಿಕೊಂಡಿರುತ್ತೆ. ಅದನ್ನ ರೈಬೋಸೋಮ್ ದಾಟುವಂತೆ ಮಾಡೋಕಾದರೆ? ಆ ಪ್ರಶ್ನೆಗೆ ಕೆಲಸ ನಡೀತಿದೆ.

ಹಾಗಾದ್ರೆ ತಪ್ಪು ಯಾವುದು, ನಿಯಮ ಯಾವುದು? ಥಲಸ್ಸೀಮಿಯಾದಲ್ಲಿ ಓದು ಸರಿ ಇತ್ತು, ಸಾಲು ತಪ್ಪಿತ್ತು. ಕೊರೊನಾದಲ್ಲಿ ಓದು ಜಾರಿತು, ಆದ್ರೆ ಜಾರು ಅಂತ ಸಾಲೇ ಬರೆದುಕೊಟ್ಟಿತ್ತು. ಎರಡರ ವ್ಯತ್ಯಾಸ ಒಂದು ಕೋಡಾನ್ ನೋಡಿದ್ರೆ ಗೊತ್ತಾಗಲ್ಲ, ಅದರ ಹಿಂದೆ ಮುಂದೆ ಏನಿದೆ ಅಂತ ನೋಡಬೇಕು. ಗ್ಯಾಮೋ ಕಾಲದಿಂದ ಐಐಎಸ್‌ಸಿವರೆಗೆ ಇವರೆಲ್ಲ ಮಾಡಿದ್ದು ಅದನ್ನೇ.

ಮುಂದಿನ ಸಲ ಯಾರಾದ್ರೂ ಛಂದಸ್ಸು ಓದಿ ಏನುಪಯೋಗ ಅಂತ ಕೇಳಿದ್ರೆ ಈ ಎಪಿಸೋಡ್ ಕಳಿಸಿ. ನಿಮ್ಮ ಹೈಸ್ಕೂಲ್ ಕನ್ನಡ ಮೇಷ್ಟ್ರು ಅಥವಾ ಮಿಸ್ ನಂಬರ್ ಇದ್ರೆ ಅವರಿಗೂ ಕಳಿಸಿ, ಖುಷಿಪಡ್ತಾರೆ. ಮುಂದಿನ ವಾರ ಸಿಗೋಣ.